ಡಾಕ್ಟರಿಗೆ ತೋರಿಸಿದೆಯಾ?

ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟರ ಮರುದಿನ ಬೆಳಿಗ್ಗೆ ನಮ್ಮ ಕೊಡಗಿನ ಕಡೆ ಎಲ್ಲರೂ ಎಲ್ಲರನ್ನೂ ಕೇಳುವ ಪ್ರಶ್ನೆ ಒಂದೇ: "ಬಣ್ಣ ಬಂತಾ?" ಹಿಂದಿನ ದಿನ ತಿಂದ ಮದ್ದು ಸೊಪ್ಪಿನ ಪಾಯಸ ಮೈಗೆ ಹತ್ತಿದೆಯೋ ಇಲ್ಲವೋ ಎನ್ನುವುದಕ್ಕೆ ಮೂತ್ರದ ಕೆಂಪೇ ಸಾಕ್ಷಿ. ಅಜ್ಜ ಮೊಮ್ಮಗನನ್ನು ಕೇಳುತ್ತಾರೆ, ಸೊಸೆ ಅತ್ತೆಯನ್ನು ಕೇಳುತ್ತಾಳೆ, ತೋಟದ ಕೆಲಸಕ್ಕೆ ಬಂದವರು ಕೊಪ್ಪೆಯ ನೀರು ಕೊಡವುತ್ತಾ ಅಂಗಳದಿಂದಲೇ ಕೇಳುತ್ತಾರೆ. ವರ್ಷವಿಡೀ ಬಾಯಿಗೆ ಬಾರದ ವಿಷಯ ಅದೊಂದು ಬೆಳಿಗ್ಗೆ ಕಾಫಿ ಲೋಟದ ಜೊತೆಗೆ ಕೈಯಿಂದ ಕೈಗೆ ದಾಟುತ್ತದೆ.

ಕಳೆದ ವರ್ಷ ಅಂಥ ಬೆಳಿಗ್ಗೆಯೇ ನಾನು ಒಲೆಯ ಮುಂದೆ ಕುಳಿತಿದ್ದ ಅಮ್ಮನನ್ನು ಕೇಳಿದೆ. ಹೊರಗೆ ಮೂರು ದಿನದಿಂದ ಬಿಡದ ಮಳೆ. ಅಮ್ಮ ಉರಿಯುತ್ತಿದ್ದ ಕೊರಡನ್ನು ಒಲೆಯೊಳಕ್ಕೆ ದೂಡಿ, "ಬಣ್ಣವೂ ಬಂತು, ಉರಿಯೂ ಬಂತು" ಎಂದಳು. ಮಳೆಗಾಲದಲ್ಲಿ ನೀರು ಕುಡಿಯುವುದು ಕಡಿಮೆ, ಉರಿಮೂತ್ರ ಇರಬೇಕು ಎಂದುಕೊಂಡು ನಾನು ಬಾರ್ಲಿ ನೀರಿನ ಮಾತೆತ್ತಿದೆ. ಅಮ್ಮ ಅಲ್ಲವೆಂದು ತಲೆಯಾಡಿಸಿದಳು. "ಮೂತ್ರ ಉರಿಯುವುದಲ್ಲ. ಅದು ತಾಗಿದ ಜಾಗ ಉರಿಯುತ್ತದೆ. ಕೆರೆದು ಕೆರೆದು ಹುಣ್ಣಾಗಿದೆ." ಎಷ್ಟು ದಿನದಿಂದ ಎಂದು ಕೇಳಿದೆ. ಅವಳು ದಿನದ ಲೆಕ್ಕ ಹೇಳಲಿಲ್ಲ. "ನಿನ್ನ ಅಪ್ಪ ಹೋದ ವರ್ಷದಿಂದ" ಎಂದಳು. ಅಪ್ಪ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು.

"ಡಾಕ್ಟರಿಗೆ ತೋರಿಸಿದೆಯಾ?" ಎಂದೆ. ಮೂರು ಸಲ ಹೋಗಿದ್ದಳಂತೆ, ಮೂರೂ ಸಲ ನನಗೆ ಹೇಳದೆ, ಪೇಟೆಯಲ್ಲಿ ಬೇರೆ ಕೆಲಸವಿದೆ ಎಂದು ಬಸ್ ಹತ್ತಿ. ಒಮ್ಮೆ ನುಂಗುವ ಮಾತ್ರೆ ಕೊಟ್ಟಿದ್ದರು, ಒಮ್ಮೆ ಒಳಗೆ ಇಟ್ಟುಕೊಳ್ಳುವ ಮಾತ್ರೆ, ಒಮ್ಮೆ ಮುಲಾಮು. "ಅವರು ನೋಡಿದರಾ?" ಎಂದು ಕೇಳಿದೆ. ಅಮ್ಮನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ಏನನ್ನು?" ಎಂದಳು. ಆ ಜಾಗವನ್ನು ಎಂದಾಗ ಮುಖ ಒಲೆಯ ಕಡೆ ತಿರುಗಿಸಿ, "ಹೇಳಿದೆನಲ್ಲ, ತುರಿಕೆ ಎಂದು. ಸಾಲದಾ?" ಎಂದಳು.

ಆ "ಸಾಲದಾ" ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಹೇಳಿ ಬರುವುದು, ತೋರಿಸಿ ಬರುವುದು

ನಮ್ಮ ಭಾಷೆ ಈ ವಿಷಯದಲ್ಲಿ ನಮಗಿಂತ ಸ್ಪಷ್ಟವಾಗಿದೆ ಎಂದು ನನಗೆ ಅನ್ನಿಸುತ್ತದೆ. ನಾವು ಡಾಕ್ಟರ ಹತ್ತಿರ ಹೋಗುವುದಕ್ಕೆ "ತೋರಿಸುವುದು" ಎನ್ನುತ್ತೇವೆ. ಮಗುವಿಗೆ ಜ್ವರ ಬಂದರೆ ತೋರಿಸಿಕೊಂಡು ಬರುತ್ತೇವೆ, ಮಂಡಿ ನೋವಿಗೆ ಮೈಸೂರಿನಲ್ಲಿ ತೋರಿಸುತ್ತೇವೆ, ಕಣ್ಣು ತೋರಿಸುತ್ತೇವೆ, ಹಲ್ಲು ತೋರಿಸುತ್ತೇವೆ. ಸೊಂಟದಿಂದ ಕೆಳಗಿನ ಒಂದು ಅಂಗೈಯಗಲ ಜಾಗದ ವಿಷಯ ಬಂದಾಗ ಮಾತ್ರ ಬಾಯಲ್ಲಿ "ತೋರಿಸಿದೆ" ಎನ್ನುತ್ತಲೇ ನಾವು ಮಾಡಿ ಬಂದಿರುವುದು ಹೇಳುವ ಕೆಲಸವನ್ನು. ಅದನ್ನೂ ಪೂರ್ತಿಯಾಗಿ ಹೇಳುವುದಿಲ್ಲ. "ಕೆಳಗೆ", "ಅಲ್ಲಿ", "ಹೆಂಗಸರ ತೊಂದರೆ", "ಬಿಸಿಲಿಗೆ ಉಷ್ಣ ಆಗಿದೆ" ಎನ್ನುತ್ತೇವೆ. ಕೇಳಿಸಿಕೊಳ್ಳುವವರ ಮುಂದೆ ಇನ್ನೂ ಮೂವತ್ತು ಜನ ಕಾದಿರುತ್ತಾರೆ. ಅವರು ಅಂದಾಜಿನ ಮೇಲೆ ಚೀಟಿ ಬರೆಯುತ್ತಾರೆ. ಬಾಗಿಲ ಪರದೆ ಸರಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ, ಇಬ್ಬರಿಗೂ ಮುಜುಗರ ತಪ್ಪಿದ ಸಮಾಧಾನವಿರುತ್ತದೆ.

ಆದರೆ ತುರಿಕೆ ಎನ್ನುವುದು ಒಂದು ಕಾಯಿಲೆಯ ಹೆಸರಲ್ಲ. ಹತ್ತು ಬೇರೆ ಬೇರೆ ಸಂಗತಿಗಳು ಆ ಒಂದೇ ಬಾಗಿಲಿನಿಂದ ಹೊರಗೆ ಬರುತ್ತವೆ. ತೊಡೆಸಂದಿನಲ್ಲಿ ಉಂಗುರದಂತೆ ಹರಡಿ, ಅಂಚು ಕೆಂಪಾಗಿ ಸಿಪ್ಪೆ ಏಳುವುದು ಹುಳುಕಡ್ಡಿ. ಅದು ಶಿಲೀಂಧ್ರ, ಹೆಸರಿನಲ್ಲಿ ಮಾತ್ರ ಹುಳು. ಮೊಸರಿನ ಗಟ್ಟಿಯಂಥ ಬಿಳಿ ಸ್ರಾವದ ಜೊತೆ ಬರುವ ತುರಿಕೆ ಸಾಮಾನ್ಯವಾಗಿ ಕ್ಯಾಂಡಿಡಾ ಎಂಬ ಯೀಸ್ಟಿನ ಸೋಂಕು. ಗರ್ಭಿಣಿಯರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ, ಆಂಟಿಬಯಾಟಿಕ್ ತಿಂದು ಮುಗಿಸಿದವರಲ್ಲಿ ಹೆಚ್ಚು. ನಾಲ್ವರು ಹೆಂಗಸರಲ್ಲಿ ಮೂವರಿಗೆ ಜೀವನದಲ್ಲಿ ಒಮ್ಮೆಯಾದರೂ ಇದು ಬರುತ್ತದೆ. ರಾತ್ರಿಯಾದಂತೆ ಹೆಚ್ಚಾಗಿ, ಮನೆಯವರೆಲ್ಲ ಕೆರೆಯುತ್ತಿದ್ದು, ಬೆರಳ ಸಂದಿನಲ್ಲೂ ಗುಳ್ಳೆಗಳಿದ್ದರೆ ಅದು ಕಜ್ಜಿ. ಗಂಡಸರಲ್ಲಿ ಜನನಾಂಗದ ಮೇಲೇ ಗಂಟುಗಳಾಗಿ ಏಳುತ್ತದೆ. ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಒಬ್ಬರಿಗೆ ಮಾತ್ರ ಔಷಧಿ ಕೊಟ್ಟು ಕಳಿಸಿದರೆ ತಿಂಗಳೊಳಗೆ ತಿರುಗಿ ಬರುವುದು ಇದೇ ಕಾರಣಕ್ಕೆ: ಮನೆಮಂದಿಯೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು, ಹಾಸಿಗೆ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ಇನ್ನು ಸಾಬೂನು, ಸುವಾಸನೆಯ ಪ್ಯಾಡ್, ಕೂದಲು ತೆಗೆಯುವ ಕ್ರೀಮು, ಸ್ನಾನದ ನೀರಿಗೆ ಸುರಿಯುವ ಆಂಟಿಸೆಪ್ಟಿಕ್ ದ್ರವ ಇವುಗಳಿಗೆ ಚರ್ಮ ಸಿಟ್ಟಾಗಿ ಬರುವ ಉರಿ ಬೇರೆಯೇ. ಅಲ್ಲಿ ಸೋಂಕೇ ಇರುವುದಿಲ್ಲ. ಹೆಚ್ಚು ಹೆಚ್ಚು ತೊಳೆದಷ್ಟೂ ಹೆಚ್ಚುತ್ತದೆ.

ಇಷ್ಟನ್ನೆಲ್ಲ "ಕೆಳಗೆ ತುರಿಕೆ" ಎಂಬ ಎರಡು ಪದದಿಂದ ಬೇರ್ಪಡಿಸುವುದು ಯಾವ ಡಾಕ್ಟರಿಗೂ ಸಾಧ್ಯವಿಲ್ಲ. ನೋಡಿದರೆ ಅನುಭವವಿರುವ ಕಣ್ಣಿಗೆ ಬಹಳಷ್ಟು ಸಲ ಒಂದು ನಿಮಿಷ ಸಾಕು.

ನನ್ನ ಟ್ಯೂಬು

ಅಮ್ಮನಿಗೆ ಬುದ್ಧಿ ಹೇಳುವ ಹಕ್ಕು ನನಗಿರಲಿಲ್ಲ. ಅದಕ್ಕೆ ಮೂರು ವರ್ಷ ಹಿಂದೆ ನಾನೂ ಹಾಗೆಯೇ ಮಾಡಿದ್ದೆ. ಜುಲೈ ತಿಂಗಳು, ತೋಟದಲ್ಲಿ ಮರದ ಕೊಂಬೆಗಳು ಬಿದ್ದು ದಿನವಿಡೀ ರೇನ್‌ಕೋಟು, ಗಂಬೂಟಿನಲ್ಲೇ ಓಡಾಟ. ಒಳಗಿನ ಬಟ್ಟೆ ಮಳೆಗೆ ನೆನೆಯದಿದ್ದರೂ ಬೆವರಿಗೆ ನೆನೆಯುತ್ತದೆ. ತೊಡೆಸಂದಿನಲ್ಲಿ ಎಂಟಾಣೆ ಅಗಲದ ಕೆಂಪು ಎದ್ದಿತು. ಪೇಟೆಯ ಮೆಡಿಕಲ್ ಶಾಪಿನಲ್ಲಿ ಗಿರಾಕಿಗಳು ಕಡಿಮೆಯಾಗುವವರೆಗೆ ಬಿಸ್ಕತ್ತಿನ ಅಂಗಡಿಯ ಮುಂದೆ ನಿಂತಿದ್ದು, ಆಮೇಲೆ ಹೋಗಿ "ಹುಳುಕಡ್ಡಿಗೆ ಒಂದು ಮುಲಾಮು ಕೊಡಿ" ಎಂದೆ. ಎಲ್ಲಿ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಪತ್ರಿಕೆಯ ತುಂಡಿನಲ್ಲಿ ಸುತ್ತಿ ಕೊಟ್ಟರು.

ಮೂರನೆಯ ರಾತ್ರಿ ತುರಿಕೆಯಿಲ್ಲದೆ ನಿದ್ದೆ ಮಾಡಿದೆ. ಹತ್ತನೆಯ ದಿನ ಹಚ್ಚುವುದು ಬಿಟ್ಟೆ. ಎರಡು ವಾರ ಕಳೆಯುವಷ್ಟರಲ್ಲಿ ಅದು ಅಂಗೈಯಗಲವಾಗಿ ಮರಳಿತು. ಮತ್ತೆ ಟ್ಯೂಬು, ಮತ್ತೆ ಮೂರು ದಿನದ ಸುಖ. ಹೀಗೆ ಏಳು ತಿಂಗಳು. ನಡುವೆ ನನ್ನ ಗಂಡನಿಗೂ ಬಂತು, ಹಾಸ್ಟೆಲಿನಿಂದ ರಜೆಗೆ ಬಂದ ಮಗನಿಗೂ ಬಂತು. ಬಚ್ಚಲಿನ ಗೂಟದಲ್ಲಿ ನೇತಾಡುತ್ತಿದ್ದುದು ಮನೆಗೆಲ್ಲ ಒಂದೇ ಟವೆಲ್. ಬೇಸಿಗೆಯ ಹೊತ್ತಿಗೆ ನನ್ನ ಒಳತೊಡೆಯ ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲೆ ಬೀಳುವಂಥ ನೇರಳೆ ಗೆರೆಗಳು ಬಿದ್ದಿದ್ದವು. ಆ ಗೆರೆಗಳು ಇವತ್ತಿಗೂ ಇವೆ. ಹೋಗುವುದಿಲ್ಲ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು.

ಕೊನೆಗೆ ಹೋದ ಚರ್ಮದ ಡಾಕ್ಟರು ಬ್ಲೇಡಿನ ಅಂಚಿನಿಂದ ಚರ್ಮದ ಹುಡಿಯನ್ನು ಮೆಲ್ಲನೆ ಕೆರೆದು ಗಾಜಿನ ಮೇಲೆ ಹಾಕಿಕೊಂಡರು. ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಎಳೆಗಳು ಕಂಡವು. ಆಮೇಲೆ ನನ್ನ ಚೀಲದಲ್ಲಿದ್ದ ಟ್ಯೂಬನ್ನು ಕೇಳಿ ತೆಗೆದುಕೊಂಡು, ಹಿಂಭಾಗದ ಸಣ್ಣ ಅಕ್ಷರಗಳ ಮೇಲೆ ಪೆನ್ನಿನ ತುದಿ ಇಟ್ಟರು. ಶಿಲೀಂಧ್ರಕ್ಕೆ ಒಂದು ಔಷಧಿ, ಬ್ಯಾಕ್ಟೀರಿಯಾಕ್ಕೆ ಒಂದು, ಮೂರನೆಯದು ಕ್ಲೋಬೆಟಸಾಲ್ ಎಂಬ ಬಲವಾದ ಸ್ಟಿರಾಯ್ಡ್. ಸ್ಟಿರಾಯ್ಡ್ ತುರಿಕೆಯನ್ನೂ ಕೆಂಪನ್ನೂ ತಕ್ಷಣ ಅಡಗಿಸುತ್ತದೆ. ಜೊತೆಗೆ ಆ ಜಾಗದಲ್ಲಿ ಶಿಲೀಂಧ್ರದ ವಿರುದ್ಧ ಮೈ ನಡೆಸುತ್ತಿದ್ದ ಹೋರಾಟವನ್ನೂ ಅಡಗಿಸುತ್ತದೆ. ಹಾಗಾಗಿ ಶಿಲೀಂಧ್ರ ನೆಮ್ಮದಿಯಿಂದ ಬೆಳೆಯುತ್ತದೆ, ರೂಪ ಬದಲಾಯಿಸಿಕೊಂಡು ಗುರುತೇ ಸಿಗದಂತಾಗುತ್ತದೆ. ಸ್ಟಿರಾಯ್ಡ್ ಇರುವ 14 ಬಗೆಯ ಹಚ್ಚುವ ಔಷಧಿಗಳನ್ನು ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರ ಮಾರ್ಚ್‌ನಲ್ಲೇ ನಿಯಮ ಮಾಡಿದೆ. ನಾನು ಮಾತ್ರ ಚೀಟಿಯಿಲ್ಲದೆ ಟ್ಯೂಬಿನ ಮೇಲೆ ಟ್ಯೂಬು ತಂದಿದ್ದೆ. ಇಂಥ ಅರೆಬರೆ ಚಿಕಿತ್ಸೆಗಳ ನಡುವೆಯೇ ನಮ್ಮ ದೇಶದಲ್ಲಿ ಟೆರ್ಬಿನಾಫಿನ್‌ನಂಥ ಹಳೆಯ ನಂಬಿಕಸ್ಥ ಔಷಧಿಗೂ ಬಗ್ಗದ ಹೊಸ ಶಿಲೀಂಧ್ರವೊಂದು ಹರಡಿದೆ. 2020ರಲ್ಲಿ ಅದಕ್ಕಿಟ್ಟ ಹೆಸರಿನಲ್ಲೇ ಭಾರತವಿದೆ: ಟ್ರೈಕೋಫೈಟಾನ್ ಇಂಡೋಟಿನಿಯೆ.

ಟ್ಯೂಬು ನಿಲ್ಲಿಸಿದ ಮೊದಲ ಎರಡು ವಾರ ನರಕ. ಅಡಗಿಸಿಟ್ಟದ್ದೆಲ್ಲ ಒಮ್ಮೆಗೇ ಎದ್ದು ಬಂತು. ಅದು ಹಾಗೆಯೇ ಆಗುತ್ತದೆ, ಹೆದರಿ ಮತ್ತೆ ಅದನ್ನೇ ಹಚ್ಚಬೇಡಿ ಎಂದು ಡಾಕ್ಟರು ಮುಂಚಿತವಾಗಿ ಹೇಳಿರದಿದ್ದರೆ ಖಂಡಿತ ಹಚ್ಚುತ್ತಿದ್ದೆ. ಮೂವರೂ ಒಟ್ಟಿಗೆ ಮಾತ್ರೆ ತೆಗೆದುಕೊಂಡೆವು, ಕಲೆ ಮಾಯವಾದ ಮೇಲೂ ಎರಡು ವಾರ ಮುಲಾಮು ಮುಂದುವರಿಸಿದೆವು. ಈಗ ಮನೆಯಲ್ಲಿ ಮೂರು ಟವೆಲ್ ಇವೆ.

ಹಗ್ಗದ ಹಿಂದಿನ ಸಾಲು

ಇಲ್ಲಿ ಸ್ವಲ್ಪ ಬಟ್ಟೆಯ ವಿಷಯ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳಲ್ಲಿ ಬಟ್ಟೆ ಒಣಗುವುದು ಒಲೆಯ ಮೇಲಿನ ಹಗ್ಗದಲ್ಲಿ. ಆ ಹಗ್ಗಕ್ಕೆ ಒಂದು ಕ್ರಮವಿದೆ. ಬೆಂಕಿಗೆ ಹತ್ತಿರ ಗಂಡಸರ ಅಂಗಿ, ಪ್ಯಾಂಟು, ಮಕ್ಕಳ ಯೂನಿಫಾರಂ. ಹಿಂದಿನ ಸಾಲಿನಲ್ಲಿ ಸೀರೆ. ಹೆಂಗಸರ ಒಳಬಟ್ಟೆಗಳು ಎಲ್ಲಕ್ಕೂ ಹಿಂದೆ, ಗೋಡೆಯ ಹತ್ತಿರ, ಅದೂ ಲಂಗದ ಮಡಿಕೆಯ ಒಳಗೆ, ಯಾರ ಕಣ್ಣಿಗೂ ಬೀಳದ ಹಾಗೆ. ಚರ್ಮಕ್ಕೆ ಎಲ್ಲಕ್ಕಿಂತ ಒತ್ತಿ ಕೂರುವ, ಎಲ್ಲಕ್ಕಿಂತ ಚೆನ್ನಾಗಿ ಒಣಗಬೇಕಾದ ಬಟ್ಟೆ ಎಲ್ಲಕ್ಕಿಂತ ಕೊನೆಗೆ ಒಣಗುತ್ತದೆ. ಬಹಳ ಸಲ ಒಣಗುವುದೇ ಇಲ್ಲ. ಹೊಗೆಯ ವಾಸನೆ ಹಿಡಿದು ಬೆಚ್ಚಗಾಗಿರುವುದನ್ನೇ ಒಣಗಿದೆ ಎಂದುಕೊಂಡು ತೊಡುತ್ತೇವೆ. ಮುಟ್ಟಿನ ಬಟ್ಟೆ ಬಳಸುವವರ ಕಥೆಯೂ ಇದೇ. ತೇವ, ಬಿಸಿ, ತಿಕ್ಕಾಟ: ಶಿಲೀಂಧ್ರ ಬೇಡುವುದು ಈ ಮೂರನ್ನೇ.

ಇದಕ್ಕೆ ದೊಡ್ಡ ಉಪಾಯವೇನೂ ಬೇಡ. ಹಗ್ಗದ ಸಾಲು ಬದಲಾಯಿಸಿದರೆ ಸಾಕು. ಇಲ್ಲವಾದರೆ ತೊಡುವ ಮೊದಲು ಇಸ್ತ್ರಿ ಪೆಟ್ಟಿಗೆ ಆಡಿಸಬೇಕು. ಸಡಿಲವಾದ ಹತ್ತಿ ಬಟ್ಟೆ, ತೋಟದಿಂದ ಬಂದ ಕೂಡಲೇ ಬದಲಾಯಿಸುವುದು, ಸ್ನಾನದ ನಂತರ ಸಂದುಗಳನ್ನು ಒತ್ತಿ ಒರೆಸಿಕೊಳ್ಳುವುದು. ತೊಳೆಯಲು ಬರೀ ನೀರು ಸಾಕು. ಯೋನಿಯ ಒಳಭಾಗವನ್ನಂತೂ ತೊಳೆಯಲೇಬಾರದು, ಅದು ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುವ ಅಂಗ. ಇನ್ನೊಂದು ನಮ್ಮದೇ ಅಭ್ಯಾಸ, ಹಂಡೆಯ ಸುಡುವ ನೀರನ್ನು ತುರಿಕೆಯ ಮೇಲೆ ಸುರಿದುಕೊಳ್ಳುವುದು. ಆ ಕ್ಷಣ ಸ್ವರ್ಗ ಸಿಕ್ಕಿದಂತಾಗುತ್ತದೆ ನಿಜ. ಅರ್ಧ ಗಂಟೆಯಲ್ಲಿ ಒಣಗಿದ ಚರ್ಮ ಇಮ್ಮಡಿ ಕೆರೆಯುತ್ತದೆ. ನಿಂಬೆ ರಸ, ಉಪ್ಪು ನೀರು, ಸುಣ್ಣ ಇವುಗಳನ್ನು ಆ ಚರ್ಮಕ್ಕೆ ತಾಗಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಎರಡು ಸೀರೆಯ ಮರೆ

2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ನಾನು ಒಂದು ಪರಿಹಾರ ಶಿಬಿರದಲ್ಲಿ ಹನ್ನೆರಡು ದಿನ ಕೆಲಸ ಮಾಡಿದೆ. ಕಲ್ಯಾಣ ಮಂಟಪವೊಂದರಲ್ಲಿ ಮುನ್ನೂರರಷ್ಟು ಜನ. ಊರೂರಿನಿಂದ ಬಟ್ಟೆಗಳ ರಾಶಿ ಬರುತ್ತಿತ್ತು: ಸೀರೆ, ಅಂಗಿ, ಸ್ವೆಟರ್, ಮಕ್ಕಳ ಫ್ರಾಕು. ಮೊದಲ ಮೂರು ದಿನ ಬಂದ ರಾಶಿಯಲ್ಲಿ ಒಂದೇ ಒಂದು ಒಳಬಟ್ಟೆ ಇರಲಿಲ್ಲ. ಕೊಡುವವರಿಗೆ ಹೊಳೆದಿರಲಿಲ್ಲ, ಬೇಕಾದವರು ಕೇಳಿರಲಿಲ್ಲ. ಗುಡ್ಡ ಜರಿದ ರಾತ್ರಿ ತೊಟ್ಟು ಓಡಿಬಂದ ಒದ್ದೆ ಒಳಬಟ್ಟೆಯ ಮೇಲೆಯೇ ಹೆಂಗಸರು ಹೊಸ ಸೀರೆ ಉಟ್ಟುಕೊಂಡಿದ್ದರು.

ಡಾಕ್ಟರ ಮೇಜು ಊಟದ ಸಾಲಿನ ಪಕ್ಕದಲ್ಲಿತ್ತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಂದ ದೂರುಗಳನ್ನು ನಾನೇ ಪುಸ್ತಕದಲ್ಲಿ ಬರೆಯುತ್ತಿದ್ದೆ. ಜ್ವರ, ಕೆಮ್ಮು, ಕಾಲು ನೋವು, ನಿದ್ದೆ ಇಲ್ಲ. ನಾಲ್ಕನೆಯ ದಿನ ಒಬ್ಬರು ಆಶಾ ಕಾರ್ಯಕರ್ತೆ ಬಂದವರು ಆ ಪುಸ್ತಕ ತಿರುವಿ ನೋಡಿ, ಏನೂ ಮಾತಾಡದೆ ದಾನದ ರಾಶಿಯಿಂದ ಎರಡು ಸೀರೆ ಎಳೆದುಕೊಂಡು, ಕಂಬದಿಂದ ಕಿಟಕಿಯ ಸರಳಿಗೆ ಒಂದು, ಕಿಟಕಿಯಿಂದ ಗೋಡೆಯ ಮೊಳೆಗೆ ಇನ್ನೊಂದು ಕಟ್ಟಿದರು. ಒಳಗೆ ಒಂದು ಬೆಂಚು, ಒಂದು ಟಾರ್ಚು. ಆಮೇಲೆ ಹೆಂಗಸರ ನಡುವೆ ಕುಳಿತು ಅವರ ಕಿವಿಯಲ್ಲಿ ಏನೋ ಹೇಳಿದರು. ಸಂಜೆಯೊಳಗೆ ನನ್ನ ಪುಸ್ತಕ ಬೇರೆಯೇ ಆಗಿತ್ತು. ಸಂದು ಬೆಂದು ಚರ್ಮ ಎದ್ದವರು, ಬಿಳಿ ಸೆರಗು, ಒಂದೇ ಪ್ಯಾಡನ್ನು ಎರಡು ದಿನ ಇಟ್ಟುಕೊಂಡು ಹುಣ್ಣಾದವರು, ಏಳು ತಿಂಗಳ ಬಸುರಿಯೊಬ್ಬಳು ಯೀಸ್ಟಿನ ಉರಿ ತಾಳಲಾರದೆ ಕಾಲಗಲಿಸಿ ನಡೆಯುತ್ತಿದ್ದವಳು. ಬೆಳಿಗ್ಗೆ ಅವಳೇ ಬಂದು ತಲೆನೋವಿನ ಮಾತ್ರೆ ತೆಗೆದುಕೊಂಡು ಹೋಗಿದ್ದಳು. ಒಬ್ಬ ಅಜ್ಜಿ ಒಳಗೆ ಬಂದು ಯಾವ ಕಾಯಿಲೆಯನ್ನೂ ಹೇಳಲಿಲ್ಲ. "ಒಂದು ಒಣಗಿದ ಚಡ್ಡಿ ಸಿಗುತ್ತದಾ ಮಗಳೇ?" ಎಂದು ಮಾತ್ರ ಕೇಳಿದರು.

ಕತ್ತಲಾದ ಮೇಲೆ ಸೀರೆ ಬಿಚ್ಚಲು ಹೋದಾಗ ಕಂಬದ ಹತ್ತಿರ ಐವತ್ತರ ಆಸುಪಾಸಿನ ಒಬ್ಬರು ನಿಂತಿದ್ದರು. ಮಧ್ಯಾಹ್ನದಿಂದ ಅಲ್ಲೇ ಸುಳಿದಾಡುತ್ತಿದ್ದುದನ್ನು ನಾನು ಗಮನಿಸಿದ್ದೆ, ಹೆಂಡತಿಗೆ ಕಾಯುತ್ತಿದ್ದಾರೆ ಎಂದುಕೊಂಡಿದ್ದೆ. ನೆಲ ನೋಡುತ್ತಾ, "ಅಕ್ಕ, ಇದು ಹೆಂಗಸರಿಗೆ ಮಾತ್ರವಾ? ಗಂಡಸರಿಗೂ ಇದೆಯಾ?" ಎಂದರು. ಡಾಕ್ಟರನ್ನು ಮತ್ತೆ ಕರೆದು ತಂದೆವು. ಅವರ ಮುಂದೊಗಲು ಬಿರುಕು ಬಿಟ್ಟು, ಊದಿ, ಹಿಂದಕ್ಕೆ ಸರಿಯದಂತಾಗಿ ಒಂದು ವರ್ಷವಾಗಿತ್ತಂತೆ. ಡಾಕ್ಟರು ನೋಡಿದವರೇ ಮೊದಲು ಬೆರಳು ಚುಚ್ಚಿ ಸಕ್ಕರೆ ನೋಡಿದರು, ಮುನ್ನೂರು ದಾಟಿತ್ತು. ಸಕ್ಕರೆ ಕಾಯಿಲೆ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಗಂಡಸರಲ್ಲಿ ಮತ್ತೆ ಮತ್ತೆ ಈ ಸೋಂಕು ಬಂದರೆ ಎಷ್ಟೋ ಸಲ ಸಕ್ಕರೆ ಕಾಯಿಲೆಯ ಮೊದಲ ಸುಳಿವೇ ಅದು. ತೊಡೆಯ ನಡುವಿನ ಚರ್ಮ ಒಂದು ವರ್ಷದಿಂದ ಹೇಳುತ್ತಿದ್ದುದನ್ನು ಕೇಳಿಸಿಕೊಳ್ಳಲು ಎರಡು ಸೀರೆ ಬೇಕಾಯಿತು. (ಈಗ ಇದಕ್ಕೆ ಇನ್ನೊಂದು ಮಾತು ಸೇರಿಸಬೇಕು: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಹಾಕುತ್ತವೆ. ಒಳ್ಳೆಯ ಔಷಧಿಗಳೇ, ಆದರೆ ಕೆಲವರಿಗೆ ಆ ಸಕ್ಕರೆಯಿಂದಲೇ ಯೀಸ್ಟ್ ಹತ್ತುತ್ತದೆ. ಮಾತ್ರೆಯನ್ನು ತಾವಾಗಿ ನಿಲ್ಲಿಸದೆ ಬರೆದುಕೊಟ್ಟ ಡಾಕ್ಟರಿಗೆ ಹೇಳಬೇಕು.)

ಅಮ್ಮ ತೋರಿಸಿದ ದಿನ

ಒಲೆಯ ಮುಂದಿನ ಆ ಮಾತುಕತೆಯ ಮುಂದಿನ ಸೋಮವಾರ ನಾನು ಅಮ್ಮನನ್ನು ಮಡಿಕೇರಿಗೆ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಅವಳು ಕೇಳಿದ್ದು ಒಂದೇ: "ಹೆಂಗಸು ಡಾಕ್ಟರಾ?" ಹೌದು ಎಂದೆ. ಗಂಡು ಡಾಕ್ಟರಾಗಿದ್ದರೂ ಜೊತೆಗೆ ಒಬ್ಬ ನರ್ಸ್ ಇರಲಿ ಎಂದು ಕೇಳಬಹುದು, ಮಗಳೋ ಸೊಸೆಯೋ ಒಳಗೆ ಇರಲಿ ಎನ್ನಬಹುದು, ಬೇಡ ಎನಿಸಿದ ಕ್ಷಣ ನಿಲ್ಲಿಸಿ ಎನ್ನಬಹುದು. ಇದು ಯಾರೋ ಮಾಡುವ ಉಪಕಾರವಲ್ಲ, ಕೇಳುವ ಹಕ್ಕು ನಮ್ಮದೇ.

ಮಂಚದ ಮೇಲೆ ಮಲಗಿ ಸೀರೆ ಮೇಲೆತ್ತುವ ಹೊತ್ತಿಗೆ ಅಮ್ಮ ಕಣ್ಣು ಮುಚ್ಚಿಕೊಂಡು ನನ್ನ ಕೈ ಹಿಡಿದುಕೊಂಡಳು. 67 ವರ್ಷದ ಕೈ, ಕಾಫಿ ಕೊಯ್ದು ಗಡುಸಾದ ಬೆರಳು. ಮೂರು ಹೆರಿಗೆ ಮನೆಯಲ್ಲೇ ಆದವಳು. ಆ ಜಾಗವನ್ನು ಬೆಳಕಿನಲ್ಲಿ ಒಬ್ಬ ಡಾಕ್ಟರು ನೋಡುತ್ತಿರುವುದು ಬದುಕಿನಲ್ಲಿ ಅದೇ ಮೊದಲು. ಡಾಕ್ಟರು ದೀಪ ಹತ್ತಿರ ಎಳೆದುಕೊಂಡು, "ಅಮ್ಮ, ಈಗ ಮುಟ್ಟುತ್ತೇನೆ, ತಣ್ಣಗಿರುತ್ತದೆ" ಎಂದು ಹೇಳಿಯೇ ಮುಟ್ಟಿದರು. ಆಮೇಲೆ ನನ್ನನ್ನೂ ಕರೆದು ತೋರಿಸಿದರು, ಅಮ್ಮನ ಒಪ್ಪಿಗೆ ಕೇಳಿಕೊಂಡು. ಚರ್ಮ ಬಿಳಿಚಿಕೊಂಡು, ಸುಕ್ಕುಗಟ್ಟಿದ ತೆಳು ಕಾಗದದ ಹಾಗೆ ಹೊಳೆಯುತ್ತಿತ್ತು. ಕೆರೆದ ಕಡೆ ರಕ್ತದ ಚುಕ್ಕೆಗಳು. ಒಳತುಟಿಗಳು ಕರಗಿ ಸುತ್ತಲಿನ ಚರ್ಮದಲ್ಲಿ ಸೇರಿಹೋಗಲು ಶುರುವಾಗಿತ್ತು.

ಅದರ ಹೆಸರು ಲೈಕೆನ್ ಸ್ಕ್ಲೆರೋಸಸ್. ಯಾವ ಸೋಂಕೂ ಅಲ್ಲ, ಯಾರಿಂದಲೂ ಬಂದದ್ದಲ್ಲ, ಯಾರಿಗೂ ಹತ್ತುವುದಿಲ್ಲ. ಮೈಯ ರಕ್ಷಣಾ ವ್ಯವಸ್ಥೆ ತನ್ನದೇ ಚರ್ಮದ ಮೇಲೆ ತಿರುಗಿಬೀಳುವುದರಿಂದ ಬರುತ್ತದೆ ಎಂದು ತಿಳಿಯಲಾಗಿದೆ. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು. ಮೈನೆರೆಯದ ಹುಡುಗಿಯರಲ್ಲೂ, ಗಂಡಸರಲ್ಲೂ ಉಂಟು. ಮುಟ್ಟು ನಿಂತ ಮೇಲೆ, ಸಕ್ಕರೆ ಕಾಯಿಲೆ ಇಲ್ಲದವರಿಗೆ ಯೀಸ್ಟ್ ಸೋಂಕು ಬರುವುದು ಅಪರೂಪ. ಅಮ್ಮನಿಗೆ ಮೂರು ಸಲವೂ ಕೊಟ್ಟಿದ್ದು ಯೀಸ್ಟಿನ ಔಷಧಿಯನ್ನೇ. ಹಾಗೆಯೇ ಬಿಟ್ಟರೆ ಯೋನಿಯ ಬಾಯಿ ಕಿರಿದಾಗುತ್ತಾ ಹೋಗುತ್ತದೆ, ನೂರರಲ್ಲಿ ಕೆಲವರಿಗೆ ಮುಂದೆ ಅದೇ ಜಾಗದಲ್ಲಿ ಕ್ಯಾನ್ಸರ್ ಬರಬಹುದು. ಅದಕ್ಕೇ ಡಾಕ್ಟರು ಗಟ್ಟಿಯಾದ ಗಂಟು, ಮಾಯದ ಹುಣ್ಣು ಇದೆಯೇ ಎಂದು ಬೆರಳಿನಿಂದ ಒಂದೊಂದು ಅಂಗುಲವನ್ನೂ ಒತ್ತಿ ನೋಡಿದ್ದು. ಇರಲಿಲ್ಲ.

ಚೀಟಿಯಲ್ಲಿ ಬರೆದ ಮುಲಾಮಿನ ಹೆಸರು ಓದಿ ನಾನು ಬೆಚ್ಚಿದೆ. ಕ್ಲೋಬೆಟಸಾಲ್. ನನ್ನ ತೊಡೆಯ ಮೇಲೆ ಅಳಿಸಲಾಗದ ಗೆರೆ ಎಳೆದ ಅದೇ ಔಷಧಿ. ನನ್ನ ಕಥೆ ಹೇಳಿದೆ. ಡಾಕ್ಟರು ಸಮಾಧಾನದಿಂದ ಕೇಳಿಸಿಕೊಂಡು, ನಿಮ್ಮ ಕಾಯಿಲೆಗೆ ಅದು ವಿಷ, ಇವರ ಕಾಯಿಲೆಗೆ ಅದೇ ಮದ್ದು, ಅಳತೆ ಮಾತ್ರ ತಪ್ಪಬಾರದು ಎಂದರು. ಮೊದಲ ತಿಂಗಳು ದಿನಾ ರಾತ್ರಿ, ಎರಡನೆಯ ತಿಂಗಳು ದಿನ ಬಿಟ್ಟು ದಿನ, ಮೂರನೆಯ ತಿಂಗಳು ವಾರಕ್ಕೆ ಎರಡು ಸಲ. 30 ಗ್ರಾಮಿನ ಒಂದು ಟ್ಯೂಬು ಮೂರು ತಿಂಗಳು ಬರಬೇಕು. ಎಲ್ಲಿ ಹಚ್ಚಬೇಕು ಎನ್ನುವುದನ್ನು ಅಮ್ಮನ ಕೈಗೆ ಕನ್ನಡಿ ಕೊಟ್ಟು ತೋರಿಸಿದರು. ಅಮ್ಮ ಮೊದಲ ಸಲ ಕಣ್ಣು ತೆರೆದು ನೋಡಿದಳು. ಬಹಳ ಹೊತ್ತು ನೋಡಿದಳು.

ಒಂದೇ ಔಷಧಿ ಮಗಳ ಚರ್ಮವನ್ನು ಹಾಳುಮಾಡಿತು, ತಾಯಿಯ ಚರ್ಮವನ್ನು ಉಳಿಸುತ್ತಿದೆ. ಇಬ್ಬರೂ ಅಂಗಡಿಗೆ ಹೋಗಿ ಹೇಳಬಹುದಾಗಿದ್ದ ಮಾತು ಮಾತ್ರ ಒಂದೇ, ತುರಿಕೆ.

ಯಾವಾಗ ಕಾಯಬಾರದು

ಪ್ರತಿ ತುರಿಕೆಗೂ ಮಡಿಕೇರಿಗೆ ಓಡಬೇಕೆಂದು ನಾನು ಹೇಳುತ್ತಿಲ್ಲ. ಜಿಗಣೆ ಕಚ್ಚಿದ ಜಾಗ ನಾಲ್ಕು ದಿನ ತುರಿಸುತ್ತದೆ, ಒದ್ದೆ ಬಟ್ಟೆ ಉಜ್ಜಿದ್ದು ಒಣಗಿದರೆ ಮಾಯುತ್ತದೆ. ಸಾಬೂನು ಬಿಟ್ಟು, ಒಣಗಿದ ಹತ್ತಿ ಬಟ್ಟೆ ತೊಟ್ಟು, ಸುವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರಿ ಒಂದೆರಡು ವಾರ ನೋಡಬಹುದು. ಅಷ್ಟರಲ್ಲಿ ಹೋಗದಿದ್ದರೆ, ಹೋಗಿ ಮತ್ತೆ ಬಂದರೆ, ರಾತ್ರಿ ನಿದ್ದೆಗೆಡಿಸಿದರೆ ತೋರಿಸಬೇಕು. ಬಿಳಿ ಕಲೆ, ದಪ್ಪಗಾದ ಚರ್ಮ, ಮಾಯದ ಗಂಟು, ಮುಟ್ಟು ನಿಂತ ಮೇಲೆ ಕಾಣುವ ರಕ್ತ, ವಾಸನೆಯ ಅಥವಾ ಬಣ್ಣದ ಸ್ರಾವ ಇವಕ್ಕೆ ಎರಡು ವಾರವೂ ಕಾಯಬಾರದು. ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು ಮೊದಲೇ ಹೋಗಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಆ ಭಾಗದಲ್ಲಿ ಒಮ್ಮೆಗೇ ಊತ, ತಾಳಲಾರದ ನೋವು, ಜ್ವರ ಬಂದು ಚರ್ಮದ ಬಣ್ಣ ಕಪ್ಪಾಗತೊಡಗಿದರೆ, ಬೆಳಗಾಗಲಿ ಎಂದು ಕಾಯಬೇಡಿ. ಆ ರಾತ್ರಿಯೇ ವಾಹನ ಹಿಡಿದು ದೊಡ್ಡ ಆಸ್ಪತ್ರೆಗೆ ಹೋಗಿ. ಅಲ್ಲಿ ಗಂಟೆಗಳ ಲೆಕ್ಕದಲ್ಲಿ ಜೀವ ಹೋಗಬಹುದು. ಹಿಂದಕ್ಕೆ ಸರಿದ ಮುಂದೊಗಲು ಮುಂದಕ್ಕೆ ಬಾರದೆ ಊದಿಕೊಂಡರೂ ಅದು ಅದೇ ರಾತ್ರಿಯ ಕೆಲಸ.

ನೀರುಗುಳ್ಳೆಗಳ ಗೊಂಚಲು, ಹುಣ್ಣು, ಗಂಟು ಎದ್ದರೆ ನೋವಿಲ್ಲ ಎಂದು ಬಿಡಬೇಡಿ. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ನೋಯುವುದಿಲ್ಲ, ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಕಾಯಿಲೆ ಮಾತ್ರ ಒಳಗೆ ಉಳಿದು ವರ್ಷಗಳ ನಂತರ ಮೆದುಳು, ಹೃದಯ ಮುಟ್ಟಬಹುದು. ಪೆನ್ಸಿಲಿನ್‌ನಿಂದ ಗುಣವಾಗುವ ಕಾಯಿಲೆ ಅದು. ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥದ್ದಕ್ಕೆಂದೇ ಸುರಕ್ಷಾ ಕ್ಲಿನಿಕ್ ಇದೆ, ಗುಟ್ಟು ಕಾಪಾಡುತ್ತಾರೆ, ಹಣ ಕೇಳುವುದಿಲ್ಲ. ಈ ಜಾಗದ ತುರಿಕೆಯಲ್ಲಿ ಬಹುಪಾಲು ಲೈಂಗಿಕ ಸಂಪರ್ಕದಿಂದ ಬಂದದ್ದಲ್ಲ. ಹಾಗೆ ಬಂದದ್ದಾಗಿದ್ದರೂ ಅದು ಕಾಯಿಲೆಯೇ ಹೊರತು ನಡತೆಯ ಅಂಕಪಟ್ಟಿಯಲ್ಲ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಔಷಧಿ ತೆಗೆದುಕೊಳ್ಳಬೇಕು, ಅಷ್ಟೇ. ಇನ್ನು ಮಕ್ಕಳು. ಹುಡುಗಿ ರಾತ್ರಿ ಹೊತ್ತು ಕೆರೆಯುತ್ತಿದ್ದರೆ ಹೊಟ್ಟೆಯ ದಾರಹುಳು ಕಾರಣವಿರಬಹುದು, ಸುಲಭವಾಗಿ ಹೋಗುತ್ತದೆ. ಗಾಯ, ರಕ್ತ, ಸ್ರಾವ ಕಂಡರೆ ಗದರಬೇಡಿ. ಯಾರಾದರೂ ಮುಟ್ಟಿದರೇ ಎಂದು ಮೆಲ್ಲಗೆ ಕೇಳಿ, ಅವತ್ತೇ ಡಾಕ್ಟರಿಗೆ ತೋರಿಸಿ. ಮಕ್ಕಳ ಸಹಾಯವಾಣಿ 1098.

ಅಮ್ಮನ ತುರಿಕೆ ಎರಡನೆಯ ವಾರಕ್ಕೇ ತಗ್ಗಿತು. ನಾಲ್ಕು ವರ್ಷದ ನಂತರ ಬೆಳಗಿನವರೆಗೆ ನಿದ್ದೆ ಮಾಡಿದೆ ಎಂದು ಒಂದು ದಿನ ಕಾಫಿ ಕುಡಿಯುತ್ತಾ ಹೇಳಿದಳು. ಬಿಳುಪು ಪೂರ್ತಿ ಹೋಗಿಲ್ಲ, ಹೋಗದೆಯೂ ಇರಬಹುದು; ಆರು ತಿಂಗಳಿಗೊಮ್ಮೆ ತೋರಿಸುತ್ತಿರಬೇಕು. ಟ್ಯೂಬನ್ನು ಮೊದಲು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟಿದ್ದಳು. ಈಗ ಅದು ಬಿ.ಪಿ. ಮಾತ್ರೆಯ ಡಬ್ಬಿಯ ಪಕ್ಕದಲ್ಲಿ, ಗೋಡೆಯ ಗೂಡಿನಲ್ಲಿದೆ. ಮೊನ್ನೆ ವಿರಾಜಪೇಟೆಯಿಂದ ಚಿಕ್ಕಮ್ಮ ಫೋನ್ ಮಾಡಿದ್ದಾಗ ಅಮ್ಮ ಒಲೆಯ ಹತ್ತಿರ ಕುಳಿತು ದನಿ ತಗ್ಗಿಸಿ ಬಹಳ ಹೊತ್ತು ಮಾತಾಡಿದಳು. ಮಳೆಯ ಸದ್ದಿನಲ್ಲಿ ನನಗೆ ಅರ್ಧವೂ ಕೇಳಿಸಲಿಲ್ಲ. ನಾನು ಹಗ್ಗದ ಮೇಲಿನ ಬಟ್ಟೆಗಳನ್ನು ಮಗುಚಿ ಹಾಕುತ್ತಿದ್ದೆ. ಮಾತು ಮುಗಿಯುವ ಹೊತ್ತಿಗೆ ಅವಳ ದನಿ ಏರಿತು. "ಹೇಳಿದ್ದು ಗೊತ್ತಾಯಿತು. ಮಂಚದ ಮೇಲೆ ಮಲಗಿಸಿ ನೋಡಿದರಾ ಇಲ್ಲವಾ, ಅದನ್ನು ಹೇಳು."